ಭೀಮಶಾ ಮಿಸ್ತ್ರಿಯ ಅಂಗೈ

ಭೀಮಶಾ ಮಿಸ್ತ್ರಿ ರಿಪೇರಿಗೆ ಬಂದ ಗಾಡಿಯನ್ನು ಚಾಲೂ ಮಾಡಿ ನೋಡುತ್ತಿರಲಿಲ್ಲ. ಗಿರಾಕಿಯೇ ಉಮೇದಿನಿಂದ ಕಿಕ್ ಹೊಡೆಯಲು ಕಾಲೆತ್ತಿದರೆ ಎರಡೂ ಕೈ ಅಡ್ಡ ಹಿಡಿದು, "ಥಾಂಬ್ರಿ, ಥಾಂಬ್ರಿ! ಅದರ ಬಾಯಿ ಯಾಕ ತೆಗಸ್ತೀರಿ? ಸುಮ್ಮ ಇದ್ದಾಗ ನೋಡೋಣಂತ" ಎನ್ನುತ್ತಿದ್ದರು. ಆಮೇಲೆ ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಏರಿಸಿ, ಗೇರಿಗೆ ಹಾಕಿ, ಅದರ ಬಲಮಗ್ಗುಲಲ್ಲಿ ಗೋಣಿಚೀಲ ಹಾಸಿಕೊಂಡು ಕುಕ್ಕರುಗಾಲಲ್ಲಿ ಕೂರುವರು. ಎಡಗೈ ಹಿಂದಿನ ಚಕ್ರದ ಮೇಲೆ, ಬಲ ಅಂಗೈ ಎಂಜಿನ್ನಿನ ಹೊಟ್ಟೆಯ ಮೇಲೆ. ಕಣ್ಣು ಮುಚ್ಚಿ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ತೂಗುವರು, ಕೂಸಿನ ತೊಟ್ಟಿಲು ತೂಗಿದ ಹಾಗೆ. ಅಷ್ಟು ಹೊತ್ತು ಅವರ ಹತ್ತಿರ ಯಾರೂ ಮಾತಾಡಕೂಡದು. ಮಾತಾಡಿದರೂ ಅವರಿಗೆ ಕೇಳಿಸುತ್ತಿರಲಿಲ್ಲವೆನ್ನಿ.

ಅವರ ಕಿವಿ ಹೋದದ್ದು ಸೊಲ್ಲಾಪುರದಲ್ಲಿ. ಹನ್ನೂರಿನ ಈ ಮನುಷ್ಯ ಮೀಸೆ ಮೂಡುವ ವಯಸ್ಸಿಗೇ ಅಲ್ಲಿಗೆ ಹೋಗಿ, ಚಾದರ ನೇಯುವ ಪಾವರಲೂಮುಗಳ ನಡುವೆ ಹದಿನಾಲ್ಕು ವರ್ಷ ನಿಂತಿದ್ದರು. ಆ ಸದ್ದಿನಲ್ಲಿ ಒಂದು ಕಿವಿ ಪೂರ್ತಿ, ಇನ್ನೊಂದು ಮುಕ್ಕಾಲು ಮುಚ್ಚಿಹೋಯಿತು. ಮಗ್ಗ ಬಿಟ್ಟು ಭಾವನ ಗ್ಯಾರೇಜಿನಲ್ಲಿ ಕೆಲಸ ಕಲಿತು, ಕೊನೆಗೆ ಅಕ್ಕಲಕೋಟದಲ್ಲಿ ತಡವಳದ ರಸ್ತೆ ಕವಲೊಡೆಯುವ ಕಡೆ ಪತ್ರಾಸಿನ, ಎಂದರೆ ತಗಡಿನ, ಸ್ವಂತ ಶೆಡ್ಡು ಹಾಕಿದರು. "ಕಿವಿ ಮಗ್ಗಕ್ಕ ಕೊಟ್ಟ ಬಂದೀನ್ರಿ. ಈಗೆಲ್ಲಾ ಕೈಲೇ ಕೇಳೂದು" ಎಂದು ನಗುತ್ತಿದ್ದರು. ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ಮಿಸ್ತ್ರಿಗಳು ಊರ ತುಂಬ ಇದ್ದರು. ಸದ್ದೇ ಇಲ್ಲದೆ ಹೇಳುವವರು ಇವರೊಬ್ಬರೇ.

ಅವರ ದೊಡ್ಡ ಕಸುಬು ಸಡ್ಲ ಹುಡುಕುವುದು. ಗಾಡಿಯೊಳಗೆ ಒಂದು ಭಾಗ ಇನ್ನೊಂದನ್ನು ಹಿಡಿಯುವ ಮೊದಲು ಚೂರು ಖಾಲಿ ಓಡಾಡುತ್ತದಲ್ಲ, ಅದಕ್ಕೆ ಬೇರೆ ಮಿಸ್ತ್ರಿಗಳು ಪ್ಲೇ ಎನ್ನುತ್ತಾರೆ, ಇವರು ಸಡ್ಲ ಎನ್ನುತ್ತಿದ್ದರು. ಅದು ಕ್ಲಚ್ಚಿನಲ್ಲಿದೆಯೋ, ಗೇರಿನಲ್ಲಿದೆಯೋ, ಚೈನಿನಲ್ಲೋ, ಮೊದಲಿನಿಂದ ಇರಬೇಕಾದ ಸಡ್ಲವೋ, ಸವೆದು ಬೆಳೆದ ಸಡ್ಲವೋ ಎಂಬುದನ್ನು ಬಿಚ್ಚದೆ ಹೇಳಬೇಕು. ಬಿಚ್ಚಿದ ಮೇಲೆ ಯಾರಾದರೂ ಹೇಳುತ್ತಾರೆ, ಅದರಲ್ಲೇನು ಬಂತು ಎಂಬುದು ಅವರ ವಾದ.

ನಾನು ಆಗ ತಡವಳದ ಕಡೆಯ ಒಂದು ಕನ್ನಡ ಸಾಲೆಯಲ್ಲಿ ಶಿಕ್ಷಕಿ. ಮೊಣಕಾಲು ಕೈಕೊಟ್ಟ ಮೇಲೆ ಅಪ್ಪ ತನ್ನ ಕರಿ ಮೋಟರ್ ಸೈಕಲ್ಲನ್ನು ನನಗೆ ಬಿಟ್ಟುಕೊಟ್ಟಿದ್ದ. ಹೆಂಗಸರಿಗೆ ಸ್ಕೂಟಿ ಸಾಕು ಎಂದು ಹೇಳದವರಿಲ್ಲ. ಹೇಳಿದಷ್ಟೂ ನನಗೆ ಹಟ ಹೆಚ್ಚಾಯಿತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ಆ ಗಾಡಿ ಕ್ಲಚ್ಚು ಬಿಟ್ಟಾಗಲೆಲ್ಲ ಖಟ್ ಎಂದು ಒದೆಯತೊಡಗಿದಾಗ ಸೊಲ್ಲಾಪುರದ ಎರಡು ಗ್ಯಾರೇಜಿನವರು ಗೇರ್ ಬಾಕ್ಸೇ ಬಿಚ್ಚಬೇಕೆಂದರು. ಮೂರನೆಯವರಾದರೂ ಬೇರೆ ಏನಾದರೂ ಹೇಳಲಿ ಎಂದು ಭೀಮಶಾ ಅವರ ಶೆಡ್ಡಿಗೆ ಹೋದೆ.

ಅವರು ಚಕ್ರ ತೂಗಿದರು, ಅಂಗೈ ಇಟ್ಟರು, ಕಣ್ಣು ತೆರೆದು ನನ್ನ ಕಡೆ ಕೈ ಚಾಚಿದರು.

"ಒಂದ ಖಡು ಕೊಡ್ರಿ ಅಕ್ಕೋರ."

ನಮ್ಮ ಕಡೆ ಸೀಮೆಸುಣ್ಣಕ್ಕೆ ಮರಾಠಿಯ ಖಡು ಎಂಬ ಮಾತೇ ಓಡುತ್ತದೆ. ಖಡು ಬೇಕಾದದ್ದಕ್ಕಿಂತ, ನಾನು ಸಾಲೆಯ ಅಕ್ಕೋರು ಎಂದು ಇವರಿಗೆ ಹೇಗೆ ತಿಳಿಯಿತೆಂದು ನನಗೆ ಆಶ್ಚರ್ಯ. ಕೂಗಿ ಕೇಳಿದೆ.

"ಕ್ಲಚ್ಚಿನ ಲಿವರಿಗಿ ಖಡೂನ ಹಿಟ್ಟ ಹತ್ತೇತ್ರಿ. ಬ್ಯಾಂಕಿನವ್ರ ಕೈಗಿ ಇದು ಹತ್ತೂದಿಲ್ಲ."

ಪರ್ಸಿನಲ್ಲಿದ್ದ ತುಂಡು ಕೊಟ್ಟೆ. ಟೈರಿನ ಮೇಲೊಂದು ಗೆರೆ, ಅದರ ಎದುರಿಗೆ ಚಕ್ರ ಹಿಡಿದ ಕಬ್ಬಿಣದ ತೋಳಿನ ಮೇಲೊಂದು ಗೆರೆ ಎಳೆದರು. ಚಕ್ರ ತೂಗಿದಾಗ ಆ ಎರಡು ಗೆರೆ ಎರಡು ಬೆರಳು ದೂರ ಸರಿದು ಮತ್ತೆ ಕೂಡುತ್ತಿದ್ದವು. ಚೈನು ಸುತ್ತುವ ಹಲ್ಲಿನ ಚಕ್ರವನ್ನು ನನಗೆ ತೋರಿಸಿದರು. ಟೈರು ಅಲುಗಿದರೂ ಅದು ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ.

"ಸಡ್ಲ ಇಲ್ಲೇ ಮುಗೀತು ನೋಡ್ರಿ, ಗೇರಿನ ತನಕಾ ಹೋಗೇ ಇಲ್ಲ. ಚಕ್ರದ ನಡುವಿನ ಹಬ್ಬಿನ್ಯಾಗಿನ ರಬ್ಬರ ಹಿಟ್ಟಾಗ್ಯಾವು. ಗೇರ ಬಾಕ್ಸ ಬಿಚ್ಚಂತ ಯಾವ ಶಾಣ್ಯಾ ಹೇಳ್ಯಾನ್ರಿ? ಯಾರ ತಪ್ಪಿಗಿ ಯಾರ ಹೊಟ್ಟಿ ಕೊಯ್ಯಾಕ ಹೊಂಟಿದ್ರಿ!"

ನಾಲ್ಕು ರಬ್ಬರು ತುಂಡು ಹಾಕಿದರು, ಖಟ್ ಎನ್ನುವುದು ನಿಂತಿತು. ಆ ದಿನದಿಂದ ಸಾಲೆಯಲ್ಲಿ ಬರೆದು ಬರೆದು ಬೆರಳುದ್ದವೂ ಉಳಿಯದ ಖಡು ತುಂಡುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಕೂಡಿಟ್ಟು ಮಿಸ್ತ್ರಿಗೆ ಒಯ್ದು ಕೊಡತೊಡಗಿದೆ. ಅವರು ಅದನ್ನು ನಟ್ಟು ತಿರುಗಿಸುವ ಪಾನಾಗಳ ನಡುವೆ ಇಟ್ಟು, ಬಂದ ಗಿರಾಕಿಗಳಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದರು. "ನಮ್ಮದೂ ಸಾಲೀನ ಬಿಡ್ರಿ ಈಗ!"

ಇನ್ನು ನನ್ನ ಪರಾಕ್ರಮದ ಕತೆ ಹೇಳದೆ ಗತಿಯಿಲ್ಲ. ಸಡಿಲಾದದ್ದು ಏನನ್ನು ಕಂಡರೂ ನನಗೆ ಆಗುವುದಿಲ್ಲ. ಹುಡುಗರ ಸಾಲು ಇರಲಿ, ಚೀಲದ ಹೊಲಿಗೆ ಇರಲಿ, ಬಿಗಿ ಇರಬೇಕು. ಕ್ಲಚ್ಚಿನ ಲಿವರು ಹಿಡಿದರೆ ಮೊದಲು ಸ್ವಲ್ಪ ಖಾಲಿ ಬರುತ್ತಿತ್ತು, ಆಮೇಲೆ ಹಿಡಿತ ಸಿಗುತ್ತಿತ್ತು. ಇದೇನು ಮೈಗಳ್ಳತನ ಎಂದು ಒಂದು ಮುಂಜಾನೆ ನಾನೇ ಪಾನಾ ಹಿಡಿದು ವಾಯರನ್ನು ಜಗ್ಗಿ ಬಿಗಿ ಮಾಡಿದೆ. ಲಿವರು ಮುಟ್ಟಿದರೆ ಸಾಕು ಟಣ್ ಎನ್ನುವಂತಾಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಾಲ್ಕೈದು ದಿನ ಸುಸೂತ್ರವಾಗಿ ಓಡಿತು. ಆ ವಾರದ ಕೊನೆಗೆ ಹೆಡ್ ಮಾಸ್ತರರು ಬಸ್ಸು ತಪ್ಪಿಸಿಕೊಂಡು, ಅಕ್ಕಲಕೋಟದ ಮೀಟಿಂಗಿಗೆ ಹೋಗಲು ಬೇರೆ ದಾರಿ ಕಾಣದೆ, ನನ್ನ ಹಿಂದಿನ ಸೀಟಿನ ಮೇಲೆ ಒಲ್ಲದ ಮನಸ್ಸಿನಿಂದ ಕೂತರು. ದಪ್ಪ ಆಸಾಮಿ. ಹೆಂಗಸಿನ ಹಿಂದೆ ಕೂತದ್ದು ಯಾರಿಗೂ ಕಾಣಬಾರದೆಂದು ಮುಖಕ್ಕೆ ದಸ್ತಿ ಕಟ್ಟಿಕೊಂಡಿದ್ದರು. ಹಳ್ಳ ದಾಟಿ ಏರು ಹತ್ತುವಾಗ ಎಂಜಿನ್ನು ಬೊಬ್ಬೆ ಹೊಡೆಯುತ್ತದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ! ಸುಟ್ಟ ವಾಸನೆ. ಹೆಡ್ ಮಾಸ್ತರರು ಇಳಿದು ದಸ್ತಿ ಬಿಚ್ಚಿ, "ಬಾಯೀ, ಇದಕ್ಕಿಂತ ಎತ್ತಿನ ಗಾಡಿ ಬರೋಬ್ಬರಿ ಇತ್ತು" ಎಂದು ನಡೆಯತೊಡಗಿದರು. ನಾನು ಗಾಡಿ ತಳ್ಳುತ್ತ ಅವರ ಹಿಂದೆ. ನನ್ನ ಅವಸ್ಥೆ ಯಾವ ಶತ್ರುವಿಗೂ ಬೇಡ.

ಮಿಸ್ತ್ರಿ ಲಿವರನ್ನು ಒಂದು ಸಲ ಬೆರಳಿನಿಂದ ಮುಟ್ಟಿದರು, ಅಷ್ಟೇ. ನನ್ನ ಮುಖ ನೋಡಿದರು.

"ಯಾರ ಬಿಗಿ ಮಾಡಿದ್ರಿ?"

"ನಾನೇ."

"ಅಕ್ಕೋರ, ಇವು ನಿಮ್ಮ ಸಾಲಿ ಹುಡುಗೂರ ಅಲ್ರಿ ಕಿವಿ ಹಿಂಡಾಕ. ಕೈ ಬಿಟ್ಟಾಗ ಪ್ಲೇಟ ಪೂರಾ ಕೂಡಬೇಕು. ನೀವು ವಾಯರ ಜಗ್ಗಿ ಕಟ್ಟೀರಿ, ಅವು ಅರ್ಧಾ ಹಿಡದು ಅರ್ಧಾ ಜಾರಿ ಸುಟ್ಟ ಹೋಗ್ಯಾವು. ಜರಾ ಸಡ್ಲ ಬೇಕಾಗ್ತೈತ್ರಿ. ಸಡ್ಲ ಎಲ್ಲಾ ಕೆಟ್ಟದ್ದಲ್ಲ."

"ಎಷ್ಟು ಬೇಕು?"

ಡಬ್ಬಿಯಿಂದ ಒಂದು ಖಡು ತೆಗೆದು ಲಿವರಿನ ತುದಿಗೆ ಅಡ್ಡ ಹಿಡಿದರು. "ಇಷ್ಟ. ಖಡೂನ ದಪ್ಪ. ತುದಿ ಇಷ್ಟ ಖಾಲಿ ಬರಬೇಕು, ಆಮ್ಯಾಲೆ ಹಿಡೀಬೇಕು. ಖಡು ಅಂತೂ ನಿಮ್ಮ ಕೈಯಾಗ ದಿನಾ ಇರ್ತೈತಿ. ಇನ್ನ ಮರತ್ರ ಬೈತೀನಿ ನೋಡ್ರಿ."

ಎಷ್ಟು ಚೆಂದ ಬೈದರು! ಹೊಸ ಪ್ಲೇಟು ಹಾಕುವಷ್ಟು ಹೊತ್ತೂ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ತೋರಿಸಿದರು. ಹೆಂಗಸಿಗೆ ಇದೆಲ್ಲ ಯಾಕೆ ಎಂಬ ಮಾತು ಅವರ ಬಾಯಲ್ಲಿ ಒಂದು ದಿನವೂ ಬರಲಿಲ್ಲ. ನಾನು ಅವರನ್ನು ಪ್ರೀತಿಸತೊಡಗಿದ್ದು ಅಂದಿನಿಂದ ಇರಬೇಕು.

ಆಮೇಲಿನ ವರ್ಷ ಆ ಅಂಗೈಗೆ ಏನೋ ಆಯಿತು. ಆಗಷ್ಟೇ ಓಡಿ ಬಂದು ನಿಂತ ಗಾಡಿಯೊಂದರ ಹತ್ತಿರ ಕೂತು ಮಿಸ್ತ್ರಿ ಯಾರಿಗೋ ಏನೋ ವಿವರಿಸುತ್ತಿದ್ದರು. ಚರ್ಮ ಸುಟ್ಟ ವಾಸನೆ ಬಂದು ನೋಡಿದರೆ ಅವರ ಬಲ ಅಂಗೈ ಸೈಲೆನ್ಸರಿನ ಮೇಲಿದೆ. ನಾನು ಚೀರಿ ಕೈ ಎಳೆದೆ. ಅವರು ತಮ್ಮ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡರು. ಗಿರಾಕಿ ಹೋದ ಮೇಲೆ ಹೇಳಿದರು. ಸಕ್ಕರೆ ರೋಗ ಬಂದು ಬಹಳ ವರ್ಷವಾಗಿತ್ತಂತೆ, ಬೆರಳಿನ ನರ ಸತ್ತಿವೆ ಎಂದು ದವಾಖಾನೆಯಲ್ಲಿ ಹೇಳಿದ್ದರಂತೆ. ಹನ್ನೂರಿನ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಡತಿ ಶಾಂತಾಬಾಯಿಗೂ ಇದನ್ನು ಹೇಳಿರಲಿಲ್ಲ.

"ಮಂದಿಗಿ ಗೊತ್ತಾದ್ರ ಮುಗೀತ್ರಿ ಅಕ್ಕೋರ. ಕಿವುಡ ಮಿಸ್ತ್ರಿ ಅಂದ್ರೂ ಬರ್ತಾರ. ಕೈ ತಿಳಿಲಾರದ ಮಿಸ್ತ್ರಿ ಕಡಿ ಯಾರ ಬರ್ತಾರ?"

ನಾನು ಮಾತು ಬದಲಿಸಿದೆ. ನನ್ನ ಬಾಯಿಗೆ ಅಂಥ ಹೊತ್ತಿನಲ್ಲಿ ಒಳ್ಳೆಯ ಮಾತು ಬರುವುದೇ ಇಲ್ಲ.

ತಿಂಗಳೊಳಗೆ ಅವರು ನನ್ನ ಗಾಡಿಯ ಕ್ಲಚ್ಚನ್ನೇ ತಪ್ಪು ಕಟ್ಟಿದರು. ಶೆಡ್ಡು ಬಿಟ್ಟು ಹತ್ತು ಮಾರು ಹೋಗುವುದರೊಳಗೆ ತಿಳಿಯಿತು, ಲಿವರಿಗೆ ಒಂದು ಕೂದಲೆಳೆಯಷ್ಟೂ ಸಡ್ಲ ಇಲ್ಲ. ನಾನು ಮಾಡಿದ ತಪ್ಪನ್ನೇ ಅವರು ಮಾಡಿದ್ದರು. ತಿರುಗಿ ಬಂದೆ. ಶೆಡ್ಡಿನ ಮುಂದೆ ಐದಾರು ಜನ ನಿಂತಿದ್ದರು. ಬೇರೆ ಯಾರಾದರೂ ಆಗಿದ್ದರೆ ನಾನು ರಸ್ತೆಯಲ್ಲೇ ರಂಪ ಮಾಡುತ್ತಿದ್ದೆ. ಆ ದಿನ, ಖಡು ಡಬ್ಬಿ ಮರೆತೆ ಎಂದು ಒಳಗೆ ಹೋಗಿ, ಒಂದು ಖಡು ತೆಗೆದು ಅವರ ಮುಂದೆ ಹಿಡಿದು, ಹೊರಗಿದ್ದ ಗಾಡಿಯ ಕಡೆ ಕಣ್ಣು ಮಾಡಿದೆ. ಅವರಿಗೆ ತಿಳಿಯಿತು. ಮುಖ ಕಪ್ಪಿಟ್ಟಿತು. ಎದ್ದು ಬಂದು, "ವಾಯರ ಹೊಸಾದು, ಇನ್ನೊಮ್ಮಿ ನೋಡಬೇಕಾಗ್ತೈತಿ" ಎಂದು ಗಟ್ಟಿಯಾಗಿ ಹೇಳಿ, ಕೆಳದನಿಯಲ್ಲಿ ನನಗೆ ಹೇಳಿದರು: "ನೀವ ಕೈ ಇಡ್ರಿ."

ಹೀಗೆ ನನ್ನ ಶನಿವಾರಗಳು ಶುರುವಾದವು. ಶನಿವಾರ ಸಾಲೆ ಮುಂಜಾನೆಯದು, ಮಧ್ಯಾಹ್ನಕ್ಕೆ ಬಿಡುವು. ಕಷ್ಟದ ಗಾಡಿಗಳನ್ನೆಲ್ಲ ಮಿಸ್ತ್ರಿ ಶನಿವಾರಕ್ಕೆ ಬರಹೇಳುತ್ತಿದ್ದರು. ಚಕ್ರ ತೂಗುವುದು ಅವರು, ಎಂಜಿನ್ನಿನ ಮೇಲೆ ಅಂಗೈ ಇಡುವುದು ನಾನು. ನಮ್ಮದೊಂದು ಕಟ್ಟಳೆಯಾಗಿತ್ತು. ಗಿರಾಕಿ ಲಿವರು ಹಿಡಿದಾಗ ಒಳಗಿನ ಬಡಿತ ನಿಂತರೆ ಅದು ಕ್ಲಚ್ಚಿನದು, ನಾನು ನೆಲದ ಮೇಲೆ ಖಡುವಿನಿಂದ ಒಂದು ಗೆರೆ ಎಳೆಯಬೇಕು. ಹಿಡಿದರೂ ಬಡಿತ ಉಳಿದರೆ ಗೇರಿನದು, ಎರಡು ಗೆರೆ. ಏನೂ ತಿಳಿಯದಿದ್ದರೆ ಸೊನ್ನೆ. ಮಿಸ್ತ್ರಿ ಗೆರೆ ನೋಡಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೀರ್ಪು ಹೇಳುವರು. ಮೊದಲ ಎರಡು ತಿಂಗಳು ಬರೀ ಸೊನ್ನೆ ಬರೆದೆ. ಸೊನ್ನೆ ಬರೆದ ದಿನ ಅವರು ಗಿರಾಕಿಗೆ, "ಇದು ತಣ್ಣಗಾಗಲಿ, ನಾಳಿ ಬರ್ರಿ" ಎಂದು ಕಳಿಸಿ, ಆಮೇಲೆ ಅದೇ ಗಾಡಿಯ ಮೇಲೆ ನನ್ನ ಕೈ ಇಡಿಸಿ ಸಂಜೆಯತನಕ ಕಲಿಸುತ್ತಿದ್ದರು.

"ಒತ್ತಬ್ಯಾಡ್ರಿ. ಮುಟ್ಟಿದಂಗ ಇಡ್ರಿ. ಕ್ಲಚ್ಚಿನ ಬಡತ ಅಗಲ ಇರ್ತೈತಿ, ಪೂರಾ ಅಂಗೈಗಿ ಬರ್ತೈತಿ. ಗೇರಿಂದು ಚುಚ್ಚಿದಂಗ, ಒಂದ ಜಾಗಾದಾಗ. ಬಂತೇನ?"

"ಇಲ್ಲ."

"ಬರ್ತೈತಿ. ಗಡಬಡಿ ಮಾಡಬ್ಯಾಡ್ರಿ. ನನಗೂ ಲಗೂ ಬಂದಿಲ್ಲ."

ಒಂದು ಶನಿವಾರ ಅದು ಬಂತು. ಬಟಾಣಿ ಕಾಳಿನಷ್ಟು ಸಣ್ಣ ಬಡಿತ, ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ. ನಾನು ನೆಲದ ಮೇಲೆ ಎರಡು ಗೆರೆ ಎಳೆದು, ಖುಷಿಗೆ ಮೂರನೆಯದನ್ನೂ ಎಳೆದುಬಿಟ್ಟೆ. ಮಿಸ್ತ್ರಿ ಮೂರನೆಯ ಗೆರೆಯನ್ನು ಚಪ್ಪಲಿಯಿಂದ ಒರೆಸಿ ನಕ್ಕರು. ಅಲ್ಲಿ ನಿಂತಿದ್ದ ಹಾಲಿನವನೊಬ್ಬ, ಈ ಅಕ್ಕೋರು ಮಿಸ್ತ್ರಿಕೆ ಕಲಿಯುತ್ತಿದ್ದಾರೇನು ಎಂದು ಮರಾಠಿಯಲ್ಲಿ ಕೇಳಿದ. "ಹೋ, ಶಿಕತಾಯತ! ಲಯೀ ಹುಶಾರ ಹಾಯತ" ಎಂದು ಮಿಸ್ತ್ರಿ ನನ್ನ ಹುಷಾರಿಯನ್ನು ಹೊಗಳಿದರು. ಯಾರಿಗೂ ಸಂಶಯ ಬರಲಿಲ್ಲ. ಅವರು ಕಲಿಸುತ್ತಿದ್ದಾರೆ ಎಂದೇ ಎಲ್ಲರೂ ತಿಳಿದರು. ಅದು ನಿಜವೂ ಆಗಿತ್ತು.

ಎರಡು ವರ್ಷ ಹೀಗೆ ನಡೆಯಿತು. ನನ್ನ ಜೀವನದಲ್ಲಿ ಅಂಥ ಶನಿವಾರಗಳು ಮತ್ತೆ ಬರಲಿಲ್ಲ. ಗ್ರೀಸಿನ ವಾಸನೆ, ಪತ್ರಾಸಿನ ಬಿಸಿ, ಎರಡು ಗ್ಲಾಸು ಸಕ್ಕರೆ ಇಲ್ಲದ ಚಹಾ. ಅವರಿಗೆ ಸಕ್ಕರೆ ಬೇಡವಾದ್ದರಿಂದ ನಾನೂ ಬಿಟ್ಟಿದ್ದೆ. ಈಗಲೂ ಹಾಕಿಕೊಳ್ಳುವುದಿಲ್ಲ.

ಆಮೇಲೆ ನನ್ನ ವರ್ಗವಾಯಿತು. ನಂದೇಶ್ವರದ ಕಡೆಯ ಸಾಲೆ, ಮಂಗಳವೇಢೆ ತಾಲೂಕು. ಮೊಬೈಲಿನಲ್ಲಿ ಪಟ್ಟಿ ತೋರಿಸಿ, ವರ್ಗ ಆಯಿತು ಮಿಸ್ತ್ರಿ ಎಂದೆ. ಕೇಳಿಕೊಂಡದ್ದು ನಾನೇ ಎಂದು ಹೇಳಲಿಲ್ಲ. ನನ್ನ ಗಂಡ ಮಂಗಳವೇಢೆಯಲ್ಲಿ ನೌಕರಿಗಿದ್ದರು, ಆರು ವರ್ಷ ಎರಡು ಕಡೆ ಎರಡು ಒಲೆ ಹೊತ್ತಿಸಿ ಬೇಸತ್ತಿದ್ದೆವು. ತಪ್ಪೇನೂ ಅಲ್ಲ. ಆದರೂ ಆ ಅರ್ಜಿ ತುಂಬುವಾಗ, ಇನ್ನು ಮಿಸ್ತ್ರಿಗೆ ಯಾರು ಕೈ ಇಡುತ್ತಾರೆ ಎಂದು ಯೋಚನೆ ಬಂದದ್ದು, ಅದನ್ನು ನಾನು ಪಕ್ಕಕ್ಕೆ ಸರಿಸಿದ್ದು ನನಗೆ ನೆನಪಿದೆ.

ಅವರು ಕೇಳಿದ್ದು ಒಂದೇ. "ರೋಡ ಛಲೋ ಐತೇನ್ರಿ ಆ ಕಡಿ?"

ಹೊರಡುವ ಹಿಂದಿನ ಶನಿವಾರ ನನ್ನ ಗಾಡಿಯನ್ನೇ ಸ್ಟ್ಯಾಂಡಿಗೆ ಹಾಕಿಸಿದರು. ಅವರು ಚಕ್ರ ತೂಗಿದರು, ನಾನು ಕೈ ಇಟ್ಟೆ. ಸಡ್ಲ ಎಲ್ಲೂ ಹೆಚ್ಚಿರಲಿಲ್ಲ. ಲಿವರಿಗೆ ಒಂದು ಖಡು ಸಡ್ಲ ಇಟ್ಟು ಕಟ್ಟಿ, "ಹೋಗಿ ಬರ್ರಿ" ಎಂದವರು ಒಳಗೆ ಹೋಗಿ ಪಾನಾ ಹುಡುಕತೊಡಗಿದರು. ಹುಡುಕುವಂಥದ್ದು ಏನೂ ಇರಲಿಲ್ಲ.

ಮೊದಮೊದಲು ತಿಂಗಳಿಗೊಮ್ಮೆ ಅಕ್ಕಲಕೋಟಕ್ಕೆ ಹೋದೆ. ಆಮೇಲೆ ಎರಡು ತಿಂಗಳಿಗೊಮ್ಮೆ. ಆಮೇಲೆ ಫೋನು. ಫೋನಿನಲ್ಲಿ ಕಿವುಡರ ಜೊತೆ ಏನು ಮಾತಾಡುವುದು? "ಕೇಳಸವಲ್ದು! ಛಲೋ ಅದೀರಿಲ್ಲ? ಇಡ್ತೀನಿ!" ಎಂದು ಕೂಗಿ ಇಡುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಒಮ್ಮೆ ಫೋನು ಎತ್ತಿದವರು ಶಾಂತಾಬಾಯಿ. ಮಿಸ್ತ್ರಿ ಒಬ್ಬರ ಹೊಸ ಗಾಡಿಯ ಕ್ಲಚ್ಚನ್ನು ಸಡ್ಲವಿಲ್ಲದೆ ಕಟ್ಟಿದರಂತೆ, ಪ್ಲೇಟು ಸುಟ್ಟು ಆತ ತಿರುಗಿ ಬಂದು ಹತ್ತು ಮಂದಿಯ ಮುಂದೆ ಅನ್ನಬಾರದ್ದನ್ನೆಲ್ಲ ಅಂದನಂತೆ. ಮರುದಿನದಿಂದ ಶೆಡ್ಡು ತೆರೆದಿಲ್ಲ. "ಈಗ ಸೊಲ್ಲಾಪುರದಾಗ ಮಗಳ ಮನ್ಯಾಗ ಅದೀವ್ರಿ" ಎಂದರು. ಅವರು ಹೆದರಿದ್ದೇ ಆಗಿತ್ತು, ನಾನು ಅಲ್ಲಿರಲಿಲ್ಲ.

ಸೊಲ್ಲಾಪುರದ ಆ ಮನೆಗೆ ನಾನು ಹೋದದ್ದು ಮಳೆಗಾಲ ಕಳೆದ ಮೇಲೆ, ಒಂದು ರವಿವಾರ ಮುಂಜಾನೆ, ಅದೇ ಕರಿ ಗಾಡಿಯ ಮೇಲೆ. ಗಾಡಿಗೂ ಆಗ ರೋಗ ಹಿಡಿದಿತ್ತು. ಎರಡನೆಯ ಗೇರು ತಾನಾಗಿ ಜಾರಿ ಬಿದ್ದುಬಿಡುತ್ತಿತ್ತು. ಮಂಗಳವೇಢೆಯ ಮಿಸ್ತ್ರಿ ಕ್ಲಚ್ಚಿನದೇ ದೋಷ ಎನ್ನುತ್ತಿದ್ದ. ನನ್ನ ಕೈ ಬೇರೆ ಹೇಳುತ್ತಿತ್ತು. ಭೀಮಶಾ ಮಿಸ್ತ್ರಿಯನ್ನು ಕೇಳೋಣ ಎಂದುಕೊಂಡು ಹೊರಟವಳು, ಬಾಗಿಲಲ್ಲಿ ಕೂತಿದ್ದ ಅವರನ್ನು ನೋಡಿದ ಮೇಲೆ ಕೇಳುವ ಮನಸ್ಸಾಗಲಿಲ್ಲ. ಅರ್ಧ ಆಗಿದ್ದರು. ಒಳಗೆ ಶಾಂತಾಬಾಯಿ ಮೊರದ ಮುಂದೆ ಕೂತು ಬೀಡಿ ಕಟ್ಟುತ್ತಿದ್ದರು.

ಮಿಸ್ತ್ರಿ ನನ್ನನ್ನು ನೋಡಿದ್ದೇ ತಡ, ಎದ್ದು ಗಾಡಿಯ ಹತ್ತಿರ ಹೋದರು. "ಸ್ಟ್ಯಾಂಡಿಗಿ ಹಾಕ್ರಿ." ಎಂದಿನಂತೆ ಎರಡನೆಯ ಗೇರಿಗೆ ಹಾಕಿಸಿದರು. ನೆಲದ ಮೇಲೆ ಕೂತು, ಎಡಗೈಯಲ್ಲಿ ಚಕ್ರ ಹಿಡಿದು, ಬಲ ಅಂಗೈ ಎಂಜಿನ್ನಿನ ಮೇಲಿಟ್ಟು ಕಣ್ಣು ಮುಚ್ಚಿದರು. ಚಕ್ರ ತೂಗಿದರು. ಒಳಗೆ ಟಕ್ ಟಕ್ ಎನ್ನುವುದು ನನಗೆ ನಿಂತಲ್ಲಿಗೇ ಕೇಳುತ್ತಿತ್ತು. ಶಾಂತಾಬಾಯಿ ಬೀಡಿ ಎಲೆ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದು ನಿಂತರು. ಮಿಸ್ತ್ರಿ ಬಹಳ ಹೊತ್ತು ತೂಗಿದರು.

"ಏನೂ ಇಲ್ಲಲ್ರಿ. ಛಲೋ ಐತಿ. ಐತಿಲ್ರಿ?"

"ಹೌದು ಮಿಸ್ತ್ರಿ. ಛಲೋ ಐತಿ" ಎಂದು ಕೂಗಿ ಹೇಳಿದೆ. ಆ ಮುಖ ನೋಡಿಕೊಂಡು ಬೇರೆ ಏನು ಹೇಳಲಿ?

ಅವರು ಕಣ್ಣು ತೆರೆದರು. ನನ್ನ ಕಡೆ ಕೈ ಚಾಚಿದರು. "ಖಡು."

ಇಲ್ಲ ಎಂದುಬಿಡಬೇಕಿತ್ತು. ಆದರೆ ಪರ್ಸಿಗೆ ನನ್ನ ಕೈ ತಾನಾಗಿ ಹೋಯಿತು. ಟೈರಿನ ಮೇಲೊಂದು, ತೋಳಿನ ಮೇಲೊಂದು ಗೆರೆ ಎಳೆದರು. ಚೈನು ಬಿಗಿ ಮಾಡಿದ್ದೀರಾ, ಹಬ್ಬಿನ ರಬ್ಬರು ಹೊಸವೇ ಎಂದು ಕೇಳಿದರು. ಹೌದೆಂದೆ. ಮೊದಲನೆಯ ಗೇರಿಗೆ ಹಾಕಿಸಿ ತೂಗಿದರು, ಗೆರೆಗಳು ಒಂದು ಬೆರಳು ಸರಿದವು. ಮೂರನೆಯದರಲ್ಲೂ ಅಷ್ಟೇ. ಎರಡನೆಯದಕ್ಕೆ ಹಾಕಿಸಿ ತೂಗಿದರು. ಗೆರೆಗಳು ಮೂರು ಬೆರಳು ದೂರ ಹೋಗಿ ನಿಂತವು. ಅವರು ಅದನ್ನೇ ನೋಡುತ್ತ ಕೂತರು.

"ಕೈಗಿ ತಿಳಿಲಿಲ್ಲ, ಬರೋಬ್ಬರಿ. ಕಣ್ಣಿಗಿ ಕಾಣ್ತೈತಿ. ನಿಮಗಂತೂ ಕೈ ಇಟ್ಟ ಕೂಡ್ಲೆ ತಿಳದಿರತೈತಿ. ಯಾಕ ಸುಳ್ಳ ಹೇಳಿದ್ರಿ ಅಕ್ಕೋರ?"

ನಾನು ಅತ್ತುಬಿಟ್ಟೆ.

"ನನ್ನ ಹೆಸರ ಉಳಸಾಕ ಹೋಗಿ ನಡರೋಡಿನ್ಯಾಗ ಗೇರ ಕಳಕೊಂಡ ಬಿದ್ದ ಗಿದ್ದೀರಿ. ನನ್ನ ಹೆಸರ ಶೆಡ್ಡಿನ್ಯಾಗ ಹೋತು, ಅದರ ಬಗ್ಗಿ ಅಳಬ್ಯಾಡ್ರಿ. ಕೈ ಇಡ್ರಿ. ಏನ ತಿಳೀತೈತಿ ಅದನ್ನ ಹೇಳ್ರಿ."

ಕಣ್ಣೊರೆಸಿಕೊಂಡು ಕೂತು ಕೈ ಇಟ್ಟೆ. ಅವರು ತೂಗಿದರು. ಬಡಿತ ಚುಚ್ಚಿದಂತೆ ಒಂದೇ ಜಾಗದಲ್ಲಿತ್ತು. ಶಾಂತಾಬಾಯಿಗೆ ಲಿವರು ಹಿಡಿಯಲು ಹೇಳಿದೆ. ಹಿಡಿದರೂ ಬಡಿತ ಹೋಗಲಿಲ್ಲ.

"ಕ್ಲಚ್ಚಿನದಲ್ಲ ಮಿಸ್ತ್ರಿ. ಗೇರಿಂದು. ಎರಡನೇ ಗೇರಿನ ಮಗ್ಗುಲಾಗಿನ ಕಚ್ಚುಹಲ್ಲಿನ ಮೂಲಿ ಸವದಾವು. ಅದಕ್ಕ ಹಿಡತ ಸಿಗದ ಜಾರಾಕತ್ತೇತಿ."

"ನಕ್ಕೀ? ಖಾತ್ರಿ ಐತಿಲ್ರಿ?"

"ನಕ್ಕೀ."

ಅವರ ಮುಖದಲ್ಲಿ ಆಗ ಬಂದ ಕಳೆಯನ್ನು ನಾನು ಮರೆತಿಲ್ಲ. "ಬಿಚ್ಚಸ್ರಿ. ಬಿಚ್ಚಿಸಿ ಆ ಗೇರ ನನಗ ತಂದ ತೋರಸ್ರಿ. ಖರೆ ಇದ್ರ ಶಾಬಾಸ ಅಂತೀನಿ. ಸುಳ್ಳ ಇದ್ರ ಬೈತೀನಿ" ಎಂದರು. ಅಷ್ಟು ವರ್ಷದಲ್ಲಿ ಅವರು ನನಗೆ ನೇರವಾಗಿ ಒಂದು ಸಲವೂ ಶಾಬಾಸ್ ಅಂದಿರಲಿಲ್ಲ. ಎಲ್ಲ ಗಿರಾಕಿಗಳ ಮುಂದೆ ಹೇಳಿದ್ದೇ.

ಮಂಗಳವೇಢೆಯಲ್ಲಿ ಬಿಚ್ಚಿಸಿದೆ. ಆ ಮಿಸ್ತ್ರಿ ಒಲ್ಲೆ ಒಲ್ಲೆ ಎನ್ನುತ್ತಲೇ ಬಿಚ್ಚಿದ, ಗೇರನ್ನು ಕೈಯಲ್ಲಿ ಹಿಡಿದು ನೋಡಿ ನನ್ನ ಕೈಗೆ ಕೊಟ್ಟ. ಕಚ್ಚುಹಲ್ಲಿನ ಮೂಲೆಗಳು ಬಾಯಲ್ಲಿಟ್ಟು ಚೀಪಿದ ಪೆಪ್ಪರಮೆಂಟಿನ ಹಾಗೆ ದುಂಡಗಾಗಿದ್ದವು. ನಾನು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಳೆ ದಸ್ತಿಯಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡೆ. ಮುಂದಿನ ರವಿವಾರ ಹೋಗಬೇಕೆಂದಿದ್ದೆ. ಸಾಲೆಯಲ್ಲಿ ಪರೀಕ್ಷೆಯ ಕೆಲಸ ಬಂತು. ಅದರ ಮುಂದಿನ ರವಿವಾರ ಮನೆಗೆ ನೆಂಟರು ಬಂದರು. ಗೇರೇನು ಓಡಿಹೋಗುತ್ತದೆಯೇ, ಹೋದರಾಯಿತು ಎಂದುಕೊಂಡೆ.

ಮೂರನೆಯ ರವಿವಾರ ಹೋದಾಗ ಮಿಸ್ತ್ರಿ ಕೂರುತ್ತಿದ್ದ ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಗೋಡೆಯ ಮೇಲೆ ಬುದ್ಧನ ಪಟದ ಕೆಳಗೆ ಅವರ ಫೋಟೋ ಇತ್ತು, ಹೂವಿನ ಹಾರ ಇನ್ನೂ ಪೂರ್ತಿ ಬಾಡಿರಲಿಲ್ಲ. ಹೋಗಿ ಐದು ದಿನವಾಗಿತ್ತು. ನಿದ್ದೆಯಲ್ಲೇ ಹೋದರಂತೆ.

ಅಲ್ಲೇ ಕೂತೆ. ಶಾಂತಾಬಾಯಿ ನೀರು ತಂದು ಕೊಟ್ಟು ಎದುರಿಗೆ ಕೂತರು.

"ದಿನಾ ಕೇಳೋರ್ರಿ, ಅಕ್ಕೋರ ಬಂದ್ರೇನಂತ. ನನಗ ಹೇಳಿ ಇಟ್ಟಿದ್ರು, ನಾ ಮಲಗಿದ್ರ ಎಬ್ಬಸಬ್ಯಾಡ, ನೀನ ಗೇರ ಮುಟ್ಟಿ ನೋಡು, ಬೀಡಿ ಕಟ್ಟೋ ಕೈ ನಿಂದು, ನಿನಗ ತಿಳೀತೈತಿ ಅಂತ. ತಂದೀರೇನ್ರಿ?"

ದಸ್ತಿ ಬಿಚ್ಚಿ ಗೇರು ಕೊಟ್ಟೆ. ಅವರು ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಬಲಗೈ ಹೆಬ್ಬೆರಳಿನಿಂದ ಒಂದೊಂದೇ ಹಲ್ಲಿನ ಮೂಲೆಯನ್ನು ಎಲೆಯ ಅಂಚು ಸವರಿದ ಹಾಗೆ ಮೆಲ್ಲಗೆ ಸವರಿದರು. ನಾಲ್ಕು ಹಲ್ಲುಗಳನ್ನೂ ನೋಡಿದರು. ಮತ್ತೆ ಮೊದಲನೆಯದಕ್ಕೆ ಬಂದರು.

"ಸವದೈತಿ" ಎಂದರು. ಗೇರನ್ನು ದಸ್ತಿಯಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡರು.

"ಶಾಬಾಸ್ ರೀ ಅಕ್ಕೋರ."